ನಾಲಿಗೆಯಲ್ಲಿ ಹೊಳೆದ ಲೋಹ

ಅಪ್ಪಾ,

ನೀನು ಸತ್ತು ಇಷ್ಟು ವರ್ಷವಾದ ಮೇಲೆ ನಿನ್ನ ಮೇಲೊಂದು ದೂರು ಬಂದಿದೆ. ದೂರು ಹೊತ್ತು ತಂದವಳು ನಿನ್ನ ಸ್ವಂತ ತಂಗಿ, ಮುನಿಶಾಮಮ್ಮತ್ತೆ. ಅವಳೊಂದಿಗೆ ಜಗಳವಾಡಿ ಬಂದು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೆಂಗಳೂರಿನ ರೈಲಿಗೆ ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ.

ನನ್ನ ನಾಲಿಗೆಯ ಅಂಚಿನಲ್ಲಿ ಕ್ಯಾನ್ಸರ್ ಹುಣ್ಣಾಗಿದೆ. ಹೋದ ವಾರ ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಔಷಧಿ ಹಚ್ಚಿ, ಕೋಣೆಯ ದೀಪ ಆರಿಸಿ, ನೀಲಿ ಬೆಳಕು ಬಿಟ್ಟು ಕನ್ನಡಿ ಹಿಡಿದರು. ಕೆಟ್ಟ ಜಾಗವಷ್ಟೇ ಕೆಂಡದ ಹಾಗೆ ಹೊಳೆಯುತ್ತಿತ್ತು. ಆ ಔಷಧಿಯ ಒಂದೊಂದು ಕಣದ ನಡುವೆಯೂ ಒಂದು ಲೋಹ ಕೂತಿದೆಯಂತೆ. ಬೆಳಕು ಬಿದ್ದರೆ ಬೇರೆ ಬಣ್ಣದಲ್ಲಿ ಹೊಳೆಯುತ್ತದಂತೆ. ನಾಳೆ ಇನ್ನೂ ಜೋರಾದ ಬೆಳಕು ಬಿಟ್ಟರೆ ಅದೇ ಲೋಹ ಆ ಹುಣ್ಣನ್ನು ಸುಡಬೇಕು. ಹೊಸ ಚಿಕಿತ್ಸೆ, ಇನ್ನೂ ಪರೀಕ್ಷೆಯಲ್ಲಿದೆ. ಫಲಿಸದಿದ್ದರೆ ನಾಲಿಗೆ ಕತ್ತರಿಸಬೇಕಾದೀತು ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಕೂಗಿ ಕೂಗಿ ಸೊಪ್ಪು ಮಾರುವವಳ ನಾಲಿಗೆ, ಅಪ್ಪಾ!

ಲೋಹ ಎಂದದ್ದೇ ತಡ, ಅತ್ತೆ ಬಾಯಿ ಬಡಿದುಕೊಂಡಳು. “ನೀನು ಉಟ್ದಾಗ ನಿಮ್ಮಪ್ಪ ಗಣಿ ಕಲ್ಲು ತೇದು ನಾಲ್ಗೆಗಿಟ್ಟ. ಅದೇ ಈಗ ತಿಂತಾ ಐತೆ. ಮತ್ತೆ ಅದನ್ನೇ ಆಕ್ಕೊಳ್ಳಕ್ಕೆ ಓಗ್ತೀಯೇನೇ? ಓಗ್ಬೇಡ!”

ಮಗು ಹುಟ್ಟಿದರೆ ಜೇನಿನಲ್ಲಿ ಬಂಗಾರ ತೇದು ನಾಲಿಗೆಗೆ ಮುಟ್ಟಿಸುವುದು ಪದ್ಧತಿ. ಗಣಿಗಿಳಿದು ಬಂಗಾರ ಅಗೆಯುವ ನಿನ್ನ ಮನೆಯಲ್ಲಿ ಒಂದು ಚೂರು ಬಂಗಾರವಿರಲಿಲ್ಲ. ಗಣಿಯ ಬಿಳಿ ಕಲ್ಲಿನೊಳಗೆ ಒಂದಿಷ್ಟಾದರೂ ಇದ್ದೇ ಇರುತ್ತದೆ ಎಂದು ನೀನು ಅದನ್ನೇ ತೇದೆ. ಅಮ್ಮ ಇದನ್ನು ಹೇಳಿ ಹೇಳಿ ನಗುತ್ತಿದ್ದಳು.

ಫೋನು ಮಾಡಿ ಡಾಕ್ಟರನ್ನೇ ಕೇಳಿಬಿಟ್ಟೆ. ಅಂದು ಸವರಿದ ಕಲ್ಲಿಗೂ ಇದಕ್ಕೂ ಸಂಬಂಧವಿಲ್ಲ, ಇದು ನಾನು ಬಾಯಿಗೆ ಹಾಕುವ ಹೊಗೆಸೊಪ್ಪಿನ ಕಡ್ಡಿಪುಡಿ ಮಾಡಿದ ಕೆಲಸ ಎಂದರು. ಹಲ್ಲುನೋವಿಗೆ ಒಳ್ಳೆಯದೆಂದು ನನಗೆ ಕಡ್ಡಿಪುಡಿ ಹಾಕುವುದನ್ನು ಕಲಿಸಿದವಳು ಯಾರು ಹೇಳು? ಇದೇ ಅತ್ತೆ!

ಗಣಿಯ ಧೂಳು ನಿನ್ನ ಎದೆ ತಿಂದದ್ದು ನಿಜ. ಒಳಗೇನಾಗುತ್ತಿದೆ ಎಂದು ನಿನಗೆ ಯಾರೂ ತೋರಿಸಲಿಲ್ಲ. ಬರೀ ಕೆಮ್ಮು ಎಂದುಕೊಂಡು ಶಿಫ್ಟಿಗೆ ಹೋದೆ. ನನಗೆ ತೋರಿಸಿದ್ದಾರೆ. ಕಣ್ಣಾರೆ ಕಂಡ ಮೇಲೆ ಹೆದರಿ ಮೂಲೆ ಸೇರುವವಳಲ್ಲ ನಾನು.

ನಾಲಿಗೆ ಉಳಿದರೆ ಮೊದಲು ಅತ್ತೆಯ ಮುಂದೆಯೇ ಕೂಗಿ ಹೇಳುತ್ತೇನೆ. ಉಳಿಯದಿದ್ದರೆ ಹೇಳಲಾಗುವುದಿಲ್ಲವಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ: ತಪ್ಪು ನಿನ್ನದಲ್ಲ. ರೈಲು ಬಂತು. ಹರಸಪ್ಪಾ.

ಇನ್ನೂ ಬಾಯಿ ಜೋರಿರುವ ನಿನ್ನ ಮಗಳು,
ಕಲಾ