ಎರಡು ಸಲ ಬೇಡ ಅಂದವನಿಗೆ

ಡ್ರಮ್‌ಕಾರಾ, ಲೀಟ್ರಿಮ್
ಮಂಗಳವಾರ, ೯ ಫೆಬ್ರವರಿ ೨೦೨೧

ತಮ್ಮಾ ಫೆಲಿಮ್,

ಹೇಗಿದ್ದೀಯ ಎಂದು ಮೊದಲು ಕೇಳುವುದು ಪದ್ಧತಿ, ಅದಕ್ಕೆ ಕೇಳುತ್ತಿದ್ದೇನೆ. "ಚೆನ್ನಾಗಿದ್ದೀನಿ, ನನ್ನ ಚಿಂತೆ ಬಿಡು" ಎಂಬ ಉತ್ತರ ಮಾತ್ರ ಬೇಡ. ಎಪ್ಪತ್ತಾರು ವರ್ಷದಿಂದ ಅದನ್ನೇ ಕೇಳಿ ನನ್ನ ಕಿವಿ ತೂತಾಗಿದೆ. ಉಸಿರಾಟ ಸಲೀಸಾಗಿದೆ, ಆಕ್ಸಿಜನ್ ಅರ್ಧಕ್ಕೆ ಇಳಿಸಿದ್ದಾರೆ ಎಂದು ನರ್ಸ್ ಷೈನಿ ಹೇಳಿದಳು. ಸಂತೋಷ. ನನಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ. ನಿನ್ನ ದನಗಳಿಗೆ ನನ್ನ ಮಗ ಡೆಕ್ಲನ್ ಹೊತ್ತುಹೊತ್ತಿಗೆ ಮೇವು ಹಾಕುತ್ತಿದ್ದಾನೆ. ಹಾಕಿದ್ದನ್ನು ಅವು ತಿನ್ನುತ್ತವೆ. ತಲೆ ಅಲ್ಲಾಡಿಸಿ ಉಪಚಾರದ ಮಾತು ಆಡುವುದಿಲ್ಲ. ಒಡೆಯನಿಗಿಲ್ಲದ ಬುದ್ಧಿ ದನಗಳಿಗಿದೆ, ಈ ಕಾಗದ ಬರೆಯುತ್ತಿರುವುದೂ ಅದಕ್ಕೇ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಕಿವಿಯ ಮಿಷನ್ನನ್ನು ಅಡುಗೆಮನೆ ಕಿಟಕಿಯಲ್ಲಿ ಬಿಟ್ಟು ಆಂಬುಲೆನ್ಸ್ ಹತ್ತಿದವನ ಜೊತೆ ಇಡೀ ವಾರ್ಡಿಗೆ ಕೇಳುವಂತೆ ಕಿರುಚಲು ನಾನೇನು ದನದ ದಲ್ಲಾಳಿಯಲ್ಲ. ಹನ್ನೆರಡನೇ ವಯಸ್ಸಿಗೆ ಶಾಲೆ ಬಿಟ್ಟವಳು ನಾನು, ತಪ್ಪುಗಳಿದ್ದರೆ ನುಂಗಿಕೋ. ಅದನ್ನಾದರೂ ನುಂಗು.

ಹೋದ ಶುಕ್ರವಾರ ಆಸ್ಪತ್ರೆಯಿಂದ ಒಬ್ಬ ಮಹಾಶಯ ಫೋನ್ ಮಾಡಿದ. ರೋಗಿಗಳ ಊಟ ನೋಡಿಕೊಳ್ಳುವುದೇ ಅವನ ಕೆಲಸವಂತೆ, ಅದಕ್ಕೆ ನಾಲ್ಕು ವರ್ಷ ಓದಿದ್ದಾನಂತೆ. ನೀನು ಒಳಗೆ ಹೋದಾಗ ಎಪ್ಪತ್ತೊಂದು ಕಿಲೋ ಇದ್ದೆ, ಇಪ್ಪತ್ತೆರಡು ದಿನದಲ್ಲಿ ಅರವತ್ತಕ್ಕೆ ಬಂದಿದ್ದೀಯ ಎಂದ. ಎರಡು ಕುರಿಮರಿಯಷ್ಟು ಮಾಂಸ ನಿನ್ನ ಮೈಮೇಲಿಂದ ಇಳಿದುಹೋಗಿದೆ, ಯಾರ ಕಣ್ಣಿಗೂ ಬಿದ್ದಿಲ್ಲ. ಮೊದಲ ಎರಡು ವಾರ ತೂಕವನ್ನೇ ನೋಡಿರಲಿಲ್ಲವಂತೆ, ತಕ್ಕಡಿ ಬೇರೆ ವಾರ್ಡಿನಲ್ಲಿತ್ತಂತೆ. ಇಲ್ಲಿ ಸಂತೆಗೆ ಹೊರಟ ಕರುವಿಗೂ ಇದಕ್ಕಿಂತ ಹೆಚ್ಚು ಮರ್ಯಾದೆ ಇದೆ. ಕೊರೊನಾ ಎದೆಗೆ ಬಂತು ಎಂದು ಎಲ್ಲರೂ ಎದೆಯನ್ನೇ ಕಾದು ಕೂತರು. ಅದರ ಕೆಳಗೊಂದು ಹೊಟ್ಟೆ ಇದೆ ಎಂಬುದು ಓದಿದವರಿಗೆ ಹೊಳೆಯಲಿಲ್ಲ.

ಏನು ಕೊಟ್ಟರೂ ನೀನು ಬೇಡ ಅನ್ನುತ್ತೀಯಂತೆ. "ಬದುಕೋ ಆಸೆ ಬಿಟ್ಟಿದ್ದಾರಾ ಅಂತ ನಮಗೆ ಅನುಮಾನ, ಅಜ್ಜಿ" ಎಂದ. ನವೆಂಬರಿನಲ್ಲಿ ಸೇಬಿನ ಸಸಿ ನೆಟ್ಟವನು ಬದುಕುವ ಆಸೆ ಬಿಟ್ಟಿದ್ದಾನಂತೆ. ಮನಸ್ಸು ನೋಡುವವರನ್ನು ಕಳಿಸಿದ್ದರಂತೆ, ಪಾದ್ರಿಯನ್ನೂ ಕಳಿಸಿದ್ದರಂತೆ. ಹಸಿದವನಿಗೆ ಪಾದ್ರಿ. ಕಾಯಿಲೆ ನಾಲಗೆಯ ರುಚಿ ತೆಗೆದಿರಬಹುದು ಎಂದೂ ಹೇಳಿದ. ನಮ್ಮ ಅವ್ವನ ಅಡುಗೆ ಉಂಡು ಬೆಳೆದವನಿಗೆ ರುಚಿ ಇಲ್ಲದಿದ್ದರೆ ಅಡ್ಡಿಯಿಲ್ಲ ಎಂದೆ. ಅವನು ಅದನ್ನೂ ಬರೆದುಕೊಂಡ.

ಆಮೇಲೆ ನಿಜ ಹೇಳಿದ. ಬರುವ ಸೋಮವಾರ ಮತ್ತೆ ತೂಗುತ್ತಾರೆ. ಏರದಿದ್ದರೆ ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸುತ್ತಾರೆ. ತೊಡೆಯ ಮಾಂಸ ಹೀಗೇ ಕರಗುತ್ತಾ ಹೋದರೆ ಕಾಲು ನಿಲ್ಲುವುದಿಲ್ಲ, ಕೆಮ್ಮಿ ಕಫ ತೆಗೆಯುವ ಶಕ್ತಿಯೂ ಉಳಿಯುವುದಿಲ್ಲ. ಕೊರೊನಾ ಬಿಟ್ಟುಹೋದವನನ್ನು ಹಸಿವು ತೆಗೆದುಕೊಂಡು ಹೋಗಬಹುದು. ಉಳಿದರೂ ನೀನು ಒಂಟಿ, ನೋಡಿಕೊಳ್ಳುವವರಿಲ್ಲ, ಮನೆಗೆ ಕಳಿಸುವ ಮಾತೇ ಇಲ್ಲ. ವೃದ್ಧಾಶ್ರಮಕ್ಕೆ ಹೆಸರು ಬರೆಸಿಟ್ಟಿದ್ದಾರೆ.

ನಾನು ಅವನಿಂದ ನಿನ್ನ ಊಟದ ಚೀಟಿ ಪೂರ್ತಿ ಓದಿಸಿದೆ. ಮಧ್ಯಾಹ್ನ, ನಿರಾಕರಿಸಿದರು. ಸಂಜೆ, ನಿರಾಕರಿಸಿದರು. ಇಪ್ಪತ್ತೆರಡು ದಿನವೂ ಅದೇ ರಾಗ. ಬೆಳಗಿನ ಟೋಸ್ಟ್ ಮಾತ್ರ ದಿನವೂ ಚೂರೂ ಬಿಡದೆ ತಿಂದಿದ್ದೀಯ. ಟೋಸ್ಟ್ ಕೊಡುವವರು ಯಾರು ಎಂದು ಕೇಳಿದೆ. ರಾತ್ರಿ ಪಾಳಿಯವರು ಮನೆಗೆ ಹೊರಡುವ ಆತುರದಲ್ಲಿ ಏನೂ ಕೇಳದೆ ಮೇಜಿನ ಮೇಲಿಟ್ಟು ಹೋಗುತ್ತಾರಂತೆ. ಆಗಲೇ ನನಗೆ ಗೊತ್ತಾಯಿತು. ಆದರೂ ಕಿವಿಯಾರೆ ಕೇಳೋಣ ಎಂದು ಶನಿವಾರ ಮಧ್ಯಾಹ್ನ ಷೈನಿಗೆ ಹೇಳಿ ಫೋನನ್ನು ನಿನ್ನ ಹಾಸಿಗೆಯ ಮೇಲೆ ಇಡಿಸಿದೆ. ಹೌದು, ಕದ್ದು ಕೇಳಿದೆ. ನಾಚಿಕೆ ನಿನಗಿರಲಿ.

ಗಾಡಿಯ ಚಕ್ರದ ಸದ್ದು ಬಂತು. ಊಟ ಹಂಚುವ ಪೋಲೆಂಡಿನ ಹೆಂಗಸು, ಡನೂಟಾ, "ಗಿಲ್ರೇನ್ ಅವರೇ, ಊಟ. ಕೋಳಿನಾ, ಮೀನಾ?" ಎಂದು ನಿನ್ನ ಕಿವಿಗೆ ಬೀಳುವಂತೆ ಕೂಗಿ ಕೇಳಿದಳು.

"ಅಯ್ಯೋ ಬೇಡಮ್ಮ, ನಿನಗ್ಯಾಕೆ ತೊಂದರೆ. ನಂಗೇನೂ ಬೇಡ" ಎಂದೆ ನೀನು.

"ಸರಿ" ಎಂದಳು ಅವಳು. ಚಕ್ರ ಮುಂದೆ ಹೋಯಿತು. ಗಾಡಿ ಮೂರು ಹಾಸಿಗೆ ದಾಟಿದ ಮೇಲೆ ನೀನು ಉಗುಳು ನುಂಗಿದ್ದು ನನಗೆ ಇಲ್ಲಿ ಕೇಳಿಸಿತು, ಫೆಲಿಮ್. ಎರಡನೆಯ ಸಲ ಕೇಳುತ್ತಾಳೆ ಎಂದು ಕಾಯುತ್ತಿದ್ದೆ ನೀನು. ಮೂರನೆಯ ಸಲಕ್ಕೆ "ಹಾಗಾದ್ರೆ ಒಂದು ಚೂರು ಹಾಕು" ಅನ್ನಲು ಬಾಯಿ ಸಿದ್ಧ ಮಾಡಿಕೊಂಡು ಇಪ್ಪತ್ತೆರಡು ದಿನ ಕಾದಿದ್ದೀಯ.

ಕಲಿಸಿದವಳು ಅವ್ವ, ಒಪ್ಪಿದೆ. ಚಿಕ್ಕಂದಿನಲ್ಲಿ ಪಕ್ಕದ ಫ್ಲಿನ್ ಅವರ ಮನೆಯಲ್ಲಿ ಬಿಸ್ಕತ್ತಿನ ತಟ್ಟೆ ಮೊದಲ ಸಲ ಬಂದಾಗ ಕೈ ಚಾಚಿದ್ದಕ್ಕೆ ನನ್ನ ತೋಳು ಚಿವುಟಿದ್ದಳು, ವಾರಪೂರ್ತಿ ನೀಲಿಯಾಗಿತ್ತು. ಎರಡು ಸಲ ಬೇಡ ಅನ್ನಬೇಕು, ಮೂರನೆಯದಕ್ಕೆ ತಗೋಬೇಕು, ಇಲ್ಲದಿದ್ದರೆ ಹಸಿದ ಮನೆಯವರು ಅಂದುಕೊಳ್ಳುತ್ತಾರೆ. ಆದರೆ ಆ ಫ್ಲಿನ್ ಮುದುಕಿಗೆ ದಿನವೆಲ್ಲ ಬೇರೆ ಕೆಲಸವಿರಲಿಲ್ಲ. ಡನೂಟಾಳಿಗೆ ನಲವತ್ತೆರಡು ತಟ್ಟೆ, ಮುಖದ ತುಂಬ ಮಾಸ್ಕು, ಒಂದು ಗಂಟೆ ಹೊತ್ತು. ಅವಳ ಹತ್ತಿರವೂ ಮಾತಾಡಿದೆ. "ನಮ್ಮೂರಲ್ಲಿ ಹಸಿದವರು ಹಸಿವು ಅಂತಾರೆ, ಅಜ್ಜಿ" ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಎಂಥ ಸುಖದ ಊರೋ ಅದು.

ಷೈನಿಗೆ ಹೇಳಿದ ಕೂಡಲೇ ಅರ್ಥವಾಯಿತು. ಅವಳು ಕೇರಳದವಳು. "ನಮ್ಮ ಕಡೆ ಬೇಡ ಅಂತ ಕೈ ಅಡ್ಡ ಹಿಡಿದರೆ ಬೆರಳಿನ ಮೇಲೇ ಬಡಿಸ್ತಾರೆ" ಎಂದು ನಕ್ಕಳು. ಆದರೆ ಅವಳ ಪಾಳಿ ವಾರಕ್ಕೆ ಮೂರು ದಿನ. ಊಟದ ಪಂಡಿತನಿಗೆ ವಿವರಿಸಲು ಅರ್ಧ ಗಂಟೆ ಹಿಡಿಯಿತು, ಕೊನೆಗೆ ಇದು ಧರ್ಮಕ್ಕೆ ಸಂಬಂಧಪಟ್ಟದ್ದೇ ಎಂದು ಕೇಳಿದ. ಸುಮ್ಮನೆ ತಟ್ಟೆ ಇಟ್ಟುಹೋಗಿ ಎಂದರೆ, ರೋಗಿ ಬೇಡ ಅಂದ ಮೇಲೆ ಇಡುವಂತಿಲ್ಲ, ನಿಯಮ ಎಂದ. ನಾನು ಕಳಿಸಿದ ಸೋಡಾ ಬ್ರೆಡ್ಡು ಮೂರು ದಿನ ಬಾಗಿಲಲ್ಲೇ ಕೂರಬೇಕಾಯಿತು, ಸೋಂಕು ಇಳಿಯಲಿ ಎಂದು. ಅಷ್ಟರಲ್ಲಿ ಅದರಿಂದ ಗೋಡೆ ಕಟ್ಟಬಹುದಿತ್ತು. ಊರಿನವರಿಂದ ನಿನ್ನ ಹೆಸರಿನಲ್ಲಿ ಚರ್ಚಿನಲ್ಲಿ ಪೂಜೆ ಹೇಳಿಸಿದ್ದೇವೆ ಎಂಬ ಕಾರ್ಡು ಹನ್ನೊಂದು ಬಂದಿವೆ. ಸೊಗಸಾದ ಕಾರ್ಡುಗಳು. ಒಂದನ್ನೂ ತಿನ್ನಲು ಬರುವುದಿಲ್ಲ.

ಆದ್ದರಿಂದ ಉಳಿದವನು ನೀನು. ಯಾರಿಗೂ ತೊಂದರೆ ಕೊಡದೆ ಸತ್ತ ಎಂದು ಕಲ್ಲಿನ ಮೇಲೆ ಬರೆಸಿಕೊಳ್ಳುವ ಆಸೆ ಇದ್ದರೆ ಬೇರೆ ಯಾರಿಗಾದರೂ ಹೇಳು, ನಾನು ಬರೆಸುವುದಿಲ್ಲ. ನಿನ್ನ ಮರ್ಯಾದೆಯನ್ನು ನೋಡಿ ಮೆಚ್ಚುವವರು ಆ ವಾರ್ಡಿನಲ್ಲಿ ಯಾರೂ ಇಲ್ಲ, ಮೆಚ್ಚಬೇಕಾದ ಅವ್ವ ಸತ್ತು ಹತ್ತೊಂಬತ್ತು ವರ್ಷವಾಯಿತು. ಈ ಕಾಗದ ಓದಿದ ದಿನವೇ ಡನೂಟಾ ಬಂದಾಗ "ಹೌದು" ಅನ್ನು. ಕೋಳಿನಾ ಮೀನಾ ಎಂದರೆ ಎರಡೂ ಅನ್ನು. ಕಸ್ಟರ್ಡ್ ಎಂದರೆ ದೊಡ್ಡ ಬಟ್ಟಲು ಅನ್ನು. ಮುಖ ಕೆಂಪಾದರೆ ಆಗಲಿ, ಸ್ವಲ್ಪ ರಕ್ತವಾದರೂ ಕಾಣಲಿ.

ದೇವರು ನಿನ್ನನ್ನು ಕಾಯಲಿ, ನಿನ್ನ ನಾಚಿಕೆಯನ್ನು ಕಡಿಮೆ ಮಾಡಲಿ. ಷೈನಿಗೂ ಡನೂಟಾಳಿಗೂ ನಾನು ವಿಚಾರಿಸಿದೆ ಎಂದು ಹೇಳು. ಪಂಡಿತನಿಗೆ ಏನೂ ಹೇಳಬೇಡ.

ನಿನ್ನ ಅಕ್ಕ,
ಅಟ್ರಾಕ್ಟಾ

ತಾ. ಕ. — ಅಂಚೆಯವನು ಗೇಟಿನ ಹತ್ತಿರ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಅವ್ವನನ್ನು ಮಣ್ಣು ಮಾಡಿದ ದಿನ ನಮ್ಮ ಮನೆಗೇ ಬಂದಿರು ಎಂದು ನಿನ್ನನ್ನು ಕೇಳಿದೆ. ಈಸ್ಟರ್ ಹಬ್ಬಕ್ಕೆ ಇನ್ನೊಂದು ಸಲ ಕೇಳಿದೆ. ಎರಡು ಸಲವೂ ಬೇಡ ಅಂದೆ ನೀನು. ನಾನು ಅಲ್ಲಿಗೇ ಬಿಟ್ಟೆ. ಮರೆತು ಬಿಟ್ಟದ್ದಲ್ಲ, ಎಣಿಸಿ ಬಿಟ್ಟದ್ದು. ಇನ್ನೊಬ್ಬ ಗಂಡಸಿಗೆ ಬೇಯಿಸಿ ಹಾಕುವುದು ನನಗೆ ಬೇಡವಾಗಿತ್ತು. ಕೆಳಗಿನ ಕೋಣೆಗೆ ಡೆಕ್ಲನ್ ಮಂಚ ಹಾಕಿದ್ದಾನೆ. ಮನೆಯಲ್ಲಿ ನೋಡಿಕೊಳ್ಳುವವರಿದ್ದಾರೆ ಎಂದು ಆಸ್ಪತ್ರೆಗೆ ಹೇಳಲೇ? ಉತ್ತರವನ್ನು ಷೈನಿಯ ಹತ್ತಿರ ಹೇಳು, ಅವಳು ಫೋನ್ ಮಾಡುತ್ತಾಳೆ. ಬಾ, ಫೆಲಿಮ್. ಇದು ಮೂರನೆಯ ಸಲ.