ಏಪ್ರಿಕಾಟ್ ಜಾಮಿನ ಆರನೆಯ ಜಾಡಿ

ಪ್ಯಾರಿಸ್, ಗುರುವಾರ, 19 ಜುಲೈ 1951

ಅಯ್ಯೋ, ನಾನೆಂಥ ಪೆದ್ದಿ! ಮದುವೆಯಾಗಿ ಇಪ್ಪತ್ತಮೂರೇ ದಿನ, ಆಗಲೇ ಗಂಡನ ಸಂಗೀತವನ್ನು ಕತ್ತರಿಸಿ ಹಾಕಿದ್ದೇನೆ.

ಅಮೆರಿಕ ಬಿಟ್ಟು ಬಂದ ಮೇಲೆ ನನ್ನ ಹೋಲಿಸ್ ಸಂಗೀತ ಬಿಟ್ಟು ಬರೆದದ್ದೆಲ್ಲ ಬರೀ ಕಾದಂಬರಿ. ನಾಲ್ಕು ವರ್ಷಗಳ ನಂತರ ಮೊದಲ ಬಾರಿ ಒಂದು ರಾಗ ಹುಟ್ಟಿತ್ತು, ಅದೂ ನನಗಾಗಿ! ಬೆಳಿಗ್ಗೆ ಅವನಿಲ್ಲದಾಗ ಜಾಮ್ ಮಾಡಿದೆ. ಅಮ್ಮನ ಹಾಗೆ ಕಾಗದವನ್ನು ದುಂಡಗೆ ಕತ್ತರಿಸಿ, ಬೂಷ್ಟು ಹಿಡಿಯದಿರಲೆಂದು ಬ್ರಾಂದಿಯಲ್ಲಿ ಅದ್ದಿ, ಆರು ಜಾಡಿಗಳ ಜಾಮಿನ ಮೇಲೂ ಮುಚ್ಚಿದೆ. ಅವನು ಪೆನ್ಸಿಲಿನಲ್ಲಿ ರಾಗ ಗೀಚಿದ್ದ ಆ ಹಾಳೆ ಕಸದ ಬುಟ್ಟಿಯ ಪಕ್ಕದಲ್ಲೇ ಬಿದ್ದಿತ್ತು. ರದ್ದಿ ಎಂದುಕೊಂಡು ಅದನ್ನೇ ಕತ್ತರಿಸಿದ್ದೆ.

ಅವನು ಬಂದು ನೋಡಿ ಬಿದ್ದುಬಿದ್ದು ನಕ್ಕ. "ಭಲೇ ಹೆಂಡ್ತಿ ಕಣೇ! ವಿಮರ್ಶಕರೂ ಇಷ್ಟು ನೀಟಾಗಿ ಕತ್ತರಿಸಿರ್ಲಿಲ್ಲ."

"ಬಯ್ದುಬಿಡೋ, ಪ್ಲೀಸ್!"

"ಬಾಯ್ತುಂಬ ಜಾಮಿದೆ, ಹೇಗೆ ಬಯ್ಲಿ?"

ಈಗ ಐದು ಕಾಗದದ ಬಿಲ್ಲೆಗಳನ್ನು ಪಿಯಾನೊ ಮೇಲೆ ಜೋಡಿಸಿಕೊಂಡು ನುಡಿಸುತ್ತಿದ್ದಾನೆ. ದೇವರೇ, ಎಷ್ಟು ಚೆಂದ! ಆದರೆ ಪ್ರತಿ ಸಲವೂ ಒಂದೇ ಕಡೆ ನಿಲ್ಲುತ್ತಾನೆ. "ಇಲ್ಲೇನೋ ಇತ್ತು ಕಣೇ, ನೆನಪಾಗ್ತಿಲ್ಲ" ಎನ್ನುತ್ತಾನೆ. ಆಗಲೇ ಎರಡು ಸಲ ಟೈಪ್‌ರೈಟರ್ ಕಡೆ ನೋಡಿದ. ಈ ರಾಗ ಮುರಿದರೆ ಮತ್ತೆ ಕಾದಂಬರಿಗೇ ಹೋಗಿಬಿಡುತ್ತಾನೆ.

ಆರನೆಯ ಜಾಡಿಯನ್ನು, ಅದರ ಬಿಲ್ಲೆಯ ಸಮೇತ, ಮಧ್ಯಾಹ್ನವೇ ಕೆಳಗಿನ ಕಾವಲುಗಾರ್ತಿ ಮದಾಂ ಗಾರ್ನಿಯೆಗೆ ಕೊಟ್ಟೆ, ಪಿಯಾನೊ ಸದ್ದಿಗೆ ತಕರಾರು ತೆಗೆಯದಿರಲಿ ಎಂದು. "ಇನ್ಮೇಲೆ ಎಷ್ಟು ಬೇಕಾದ್ರೂ ಬಾರಿಸ್ಲಿ ಬಿಡಮ್ಮ ನಿನ್ನ ಗಂಡ" ಅಂದಿದ್ದಳು. ಇದನ್ನು ಅವನಿಗೆ ಹೇಳುವ ಧೈರ್ಯ ಬಂದಿಲ್ಲ.

ಮತ್ತೆ ಅಲ್ಲೇ ನಿಂತ. ಈಗಲೇ ಇಳಿದುಹೋಗಿ ಕೇಳುತ್ತೇನೆ. ಅವಳು ಇನ್ನೂ ಜಾಡಿ ತೆರೆಯದೇ ಇದ್ದರೆ ಆ ಬಿಲ್ಲೆ ಸಿಕ್ಕೀತು!