ಬಸವನ ಬಾಯಿಗೆ ಇಟ್ಟ ಕೈ

12-7-78
ಬೆಳಿಗ್ಗೆ ಮತ್ತೆ ಉಪ್ಪಿಟ್ಟು. ಮತ್ತೆ ತಳ ಹಿಡಿಯಿತು. ಒಂಟಿ ಮೇಷ್ಟ್ರ ಅಡುಗೆ ಇಷ್ಟೇ.

ಆರನೇ ಕ್ಲಾಸಿಗೆ ತಮಿಳು ಸರ್ಕಾರದ ಕನ್ನಡ ಮೀಡಿಯಂ ಪಾಠಪುಸ್ತಕ ಇನ್ನೂ ಘಟ್ಟ ಹತ್ತಿಲ್ಲ. ದೀಪಾವಳಿಗೆ ಬಂದರೆ ಪುಣ್ಯ. ಅಲ್ಲಿಯವರೆಗೆ ತಿಗನಾರೆಯಲ್ಲಿ ವಿಜ್ಞಾನ ಅಂದರೆ ನನ್ನ ಬಾಯಿ, ಒಂದು ಬೋರ್ಡು. ಅದಕ್ಕೇ ಭಾನುವಾರ ಗಡಿ ದಾಟಿ ಚಾಮರಾಜನಗರಕ್ಕೆ ಹೋದವನು ಒಂದು ಚೀಲ ಪುಸ್ತಕ ತಂದೆ. ಹಕ್ಕಿ, ಹುಳು, ಗಿಡಮರ, ಮನುಷ್ಯನ ದೇಹ. ಒಂದು ನೀಲಿ ರಟ್ಟಿನದು ಬರೀ ಪ್ರಾಣಿಗಳದ್ದು. ಎಲ್ಲಾ ಮಕ್ಕಳಿಗೆಂದೇ ಬರೆದವು, ದಪ್ಪಕ್ಷರ, ಪುಟಕ್ಕೊಂದು ಚಿತ್ರ. ಇವತ್ತಿನಿಂದ ಕೊನೇ ಪೀರಿಯಡ್ ಓದುವ ಪೀರಿಯಡ್.

ಹೆಡ್‌ಮೇಷ್ಟ್ರು ಮೂಗು ಮುರಿದರು. "ಗಡಿ ಆಚೆ ಪುಸ್ತಕ ಕಣ್ರೀ. ಇನ್ಸ್‌ಪೆಕ್ಟರ್ ಕೇಳಿದ್ರೆ ಏನನ್ಲಿ?"

"ಆನೆ ಎರಡು ಕಡೇನೂ ಒಂದೇ ಥರ ಲದ್ದಿ ಹಾಕ್ತದೆ ಅನ್ನಿ ಸಾರ್."

ನಗಲಿಲ್ಲ. ನಗುವುದು ಅವರ ಸಿಲಬಸ್ಸಿನಲ್ಲಿಲ್ಲ.

20-7-78
ಬಾವಲಿ ಹಕ್ಕಿಯಲ್ಲ ಅಂತ ಓದಿಸಿದೆ. ಕ್ಲಾಸಿನಲ್ಲಿ ದಂಗೆ. ರೆಕ್ಕೆ ಇದ್ದರೆ ಹಕ್ಕಿ, ಮುಗಿಯಿತು. ಪುಟ್ಟಬಸಪ್ಪನ ಮಗಳು ಶಿವಮಲ್ಲಿ ಎದ್ದು ನಿಂತಳು. ಈ ಹುಡುಗಿಗೆ ಮೂಗಿನ ತುದಿಯಲ್ಲೇ ಜಗಳ.

"ಮರೀಗೆ ಆಲು ಕುಡುಸ್ತದೆ ಅಂತ ಬರ್ದವ್ರಲ್ಲ ಸಾ, ಯಾರು ನೋಡ್ದೋರು?"

"ಪುಸ್ತಕ ಬರೆದವರು ನೋಡಿದ್ದಾರೆ."

"ನಾವೂ ನೋಡ್ಬೇಕು."

ಸಂಜೆ ಎಲ್ಲರನ್ನೂ ಕೆರೆ ಏರಿಯ ಆಲದ ಮರಕ್ಕೆ ಹೊರಡಿಸಿದೆ. ಕತ್ತು ನೋಯುವಷ್ಟು ನೋಡಿದೆವು. ಒಂದರ ಎದೆಗೆ ಮರಿ ಅವುಚಿಕೊಂಡಿತ್ತು. ಮಲ್ಲಿ ಬಾಯಿ ಬಿಟ್ಟುಕೊಂಡು ನಿಂತಳು. ಆಮೇಲೆ ಕೇಳಿದಳು, "ಪುಸ್ತಕ್ದೋರು ನಮ್ಮೂರ್ ಮರುಕ್ಕೂ ಬಂದಿದ್ರಾ ಸಾ?"

ಮೇಷ್ಟ್ರಾದ ಮೇಲೆ ಇಷ್ಟು ಖುಷಿಯಾದ ದಿನ ನೆನಪಿಲ್ಲ.

9-8-78
ಮಳೆ. ಟ್ರಂಕಿನಲ್ಲಿಟ್ಟ ಪುಸ್ತಕಗಳಿಗೂ ಥಂಡಿ. ಬಿಸಿಲು ಬಿದ್ದಾಗ ಚಾಪೆ ಮೇಲೆ ಹಪ್ಪಳದ ಹಾಗೆ ಹರಡಿದೆ. ಕಾಯಲು ಮಲ್ಲಿ ತಾನಾಗಿ ಕುಳಿತಳು. ಕಾಯುವ ನೆಪ, ಓದುವ ಕೆಲಸ. ಎದ್ದು ಹೋಗುವಾಗ ಗಿಡಮರದ ಪುಸ್ತಕ ಲಂಗದ ಮಡಿಲಲ್ಲಿತ್ತು. ನೋಡಿಯೂ ನೋಡದ ಹಾಗೆ ಇದ್ದೆ.

28-8-78
ಮಲ್ಲಿ ನಾಲ್ಕು ದಿನ ಬಂದಿರಲಿಲ್ಲ. ಇವತ್ತು ಬಂದಳು, ಕಣ್ಣು ಊದಿವೆ. ಮನೆಯ ಎತ್ತು ಸತ್ತಿದೆ. ಮೇವು ಬಿಟ್ಟಿತ್ತಂತೆ. ಒಂದೇ ಸಮ ಜೊಲ್ಲು, ಕೂಗು ಒಡೆದುಹೋಗಿತ್ತಂತೆ. ಗಂಟಲಲ್ಲಿ ಗೊರಟೆಯೋ ಮುಳ್ಳೋ ಸಿಕ್ಕಿಕೊಂಡಿತ್ತು ಅನ್ನುತ್ತಾರೆ. ವಿಭೂತಿ ಹಚ್ಚಿ, ಹೊಲದ ಬದುವಿನಲ್ಲೇ ಮಣ್ಣು ಮಾಡಿದರು. ಪುಟ್ಟಬಸಪ್ಪ ಊಟ ಬಿಟ್ಟು ಕೂತಿದ್ದಾನಂತೆ. ಹೋಗಿ ಮಾತಾಡಿಸಬೇಕು.

14-9-78, ಮಧ್ಯಾಹ್ನ ನಾಲ್ಕು
ಪುಟ್ಟಬಸಪ್ಪನ ಮನೆಗೆ ಹೊರಡುವ ಮೊದಲು ಬರೆದಿಡುತ್ತೇನೆ.

ಕೊನೇ ಪೀರಿಯಡ್. ನೀಲಿ ಪುಸ್ತಕ. ಓದುವ ಸರದಿ ಮಲ್ಲಿಯದು. ಹುಚ್ಚುನಾಯಿ ರೋಗದ ಪಾಠ. ಹುಚ್ಚು ಹಿಡಿದ ನಾಯಿ, ನರಿ ಕಚ್ಚಿದರೆ ದನಗಳಿಗೂ ಈ ರೋಗ ಬರುತ್ತದೆ. ದನ ಜೊಲ್ಲು ಸುರಿಸುತ್ತದೆ. ನುಂಗಲಾರದು. ದನಿ ಒಡೆಯುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಬಾಯೊಳಗೆ ಕೈ ಹಾಕಬಾರದು, ಜೊಲ್ಲಿನಲ್ಲೇ ರೋಗವಿರುತ್ತದೆ…

ಅಲ್ಲಿಗೆ ನಿಂತಳು. ಸಾಲು ತಪ್ಪಿರಬೇಕು ಅಂದುಕೊಂಡು "ಮುಂದಕ್ಕೆ ಓದು" ಅಂದೆ.

"ನಾನು ಕೈ ಆಕಿದ್ದೆ ಸಾ."

ಕ್ಲಾಸಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳು ಪುಸ್ತಕದಿಂದ ಕಣ್ಣು ತೆಗೆಯಲಿಲ್ಲ.

"ಮೊದ್ಲು ಅಪ್ಪ ಆಕ್ದ. ಅವುನ್ ಕೈ ದಪ್ಪ, ಒಳುಕ್ಕೋಗ್ನಿಲ್ಲ. ನಿಂದು ಸಣ್ ಕೈ, ನೀನಾಕವ್ವ ಅಂದ. ನಾನು ಮೊಣಕೈ ಗಂಟ ಆಕ್ದೆ. ಏನೂ ಇರ್ನಿಲ್ಲ ಸಾ ಒಳಗೆ."

ಬೆಲ್ಲಿಗೆ ಮೊದಲೇ ಕ್ಲಾಸು ಬಿಟ್ಟೆ. ಪಾಠದ ಕೊನೇ ಎರಡು ಸಾಲು ಓದಿಸಲಿಲ್ಲ. ಲಕ್ಷಣ ಕಾಣುವ ಮೊದಲು ಸೂಜಿ ಹಾಕಿಸಿಕೊಂಡರೆ ಜೀವ ಉಳಿಯುತ್ತದೆ. ಕಂಡ ಮೇಲೆ ಇದಕ್ಕೆ ಔಷಧವಿಲ್ಲ.

ಅದೇ ದಿನ, ಸಂಜೆ
ಪುಟ್ಟಬಸಪ್ಪನ ಮನೆಗೆ ಹೋಗಿದ್ದೆ. ನರಿ ಏನಾದರೂ ಬಂದಿತ್ತೇ ಅಂತ ಕೇಳಿದೆ. ಅವನ ಹೆಂಡತಿ ಚನ್ನಬಸಮ್ಮ ತಕ್ಷಣ ಅಂದಳು, "ಊಂ ಕಣ್ಮೇಷ್ಟ್ರೆ. ಆಸಾಡ್ದಲ್ಲಿ, ಅಗಲೊತ್ನಲ್ಲೇ ಕೊಟ್ಗೆಗೆ ನುಗ್ಗಿತ್ತು. ಬಸವನ ಮೂತಿ ಕಿತ್ತಿತ್ತು. ಅರುಸ್ಣ ಅಚ್ಚಿದ್ದೆ."

ಎಲ್ಲ ಹೇಳಿದೆ. ಪುಟ್ಟಬಸಪ್ಪ ಕೇಳಿಸಿಕೊಂಡ. ದೊಡ್ಡ ಆಳು, ಮಾತು ಕಡಿಮೆ. "ಮಗೀನ ಕರ್ಕೊಂಡೋಗಿ. ನಾಳೇನೇ ಓಗಿ" ಅಂದ.

"ನೀನೂ ಬರಬೇಕು. ಕೈ ತೋರಿಸು."

ತೋರಿಸಿದ. ಮೊಣಕೈ ಕೆಳಗೆ ಹಲ್ಲು ಗೀರಿದ ಗುರುತು. ಮಾಯ್ದು ಬೆಳ್ಳಗಾಗಿದೆ.

"ನಂಗೆ ನಾಯಿ ಕಚ್ನಿಲ್ಲ, ನರಿ ಕಚ್ನಿಲ್ಲ. ಇದು ಬಸವಣ್ಣನ ಜೊಲ್ಲು. ಅದು ಯಾವತ್ತು ಯಾರ್ಗೆ ಕೇಡು ಮಾಡ್ಯದೆ ಮೇಷ್ಟ್ರೆ?"

"ಹಾಗಾದ್ರೆ ಮಗಳನ್ನ ಯಾಕೆ ಕಳಿಸ್ತೀಯ?"

"ಅವ್ಳು ಎಳೇ ಮಗ ಕಣ್ಮೇಷ್ಟ್ರೆ" ಅಂದ.

16-9-78
ಚಾಮರಾಜನಗರ. ಆಸ್ಪತ್ರೆ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ, ದಿನಕ್ಕೊಂದು. ಅಲ್ಲಿಯವರೆಗೆ ಮಲ್ಲಿ ಪೇಟೆಯಲ್ಲಿರುವ ಸೋದರತ್ತೆಯ ಮನೆಯಲ್ಲಿ ಇರುತ್ತಾಳೆ. ನಿನ್ನೆ, ಇವತ್ತು ಎರಡಾದವು. ಅಳಲಿಲ್ಲ. ಸೂಜಿಯೊಳಗೆ ಏನಿದೆ ಅಂತ ಡಾಕ್ಟರನ್ನು ಕೇಳಿದಳು. ಅವರು ಪಾಪ, ನಿಂತು ವಿವರಿಸಿದರು.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ಗಾಯ ಆಗಿರೋದು ಅಪ್ಪನಿಗಲ್ಲವಾ? ಅವರೆಲ್ಲಿ?"

ರಾಗಿ ಹೊಲದಲ್ಲಿ ಅಂದೆ.

"ಕೈಕಾಲು ಕಟ್ಟಿಯಾದರೂ ಕರ್ಕೊಂಡು ಬನ್ನಿ."

ನೀಲಿ ಪುಸ್ತಕ ಮಲ್ಲಿಯ ಹತ್ತಿರ ಬಿಟ್ಟು ಸಂಜೆ ಬಸ್ಸಿಗೆ ಬಂದೆ. ದಾರಿಯುದ್ದಕ್ಕೂ ಆ ಮಾತೇ.

1-10-78
ಮಲ್ಲಿ ಊರಿಗೆ ಬಂದು ಎರಡು ದಿನವಾಯಿತು. ಸೂಜಿ ಪೂರ್ತಿಯಾಗಿದೆ. ಬಡಕಲಾಗಿದ್ದಾಳೆ. ನೀಲಿ ಪುಸ್ತಕ ಪೂರ್ತಿ ಓದಿದ್ದಾಳೆ. ನಾನು ಓದಿಸದ ಸಾಲುಗಳನ್ನೂ.

"ಅಪ್ಪುಂಗೆ ಊಸಿ ಆಕುಸ್ಬೇಕು ಸಾ" ಅಂದಳು.

ಪ್ರತಿ ಹೊತ್ತು ಊಟಕ್ಕೆ ಕೂತಾಗ ಅಪ್ಪನ ಎದುರು ಅದೇ ಪಾಠ ಜೋರಾಗಿ ಓದುತ್ತಾಳಂತೆ. ದಾರಿಯಲ್ಲಿ ಪುಟ್ಟಬಸಪ್ಪ ಸಿಕ್ಕಿ ಹೇಳಿದ. "ಒಂದಕ್ಸರ ತಡವರ್ಸಾಕಿಲ್ಲ. ಎಷ್ಟ್ ಚೆಂದಾಗಿ ಓದ್ತಾಳೆ ಅಂತೀರಿ!" ಮುಖದ ತುಂಬಾ ಹೆಮ್ಮೆ. ನನಗೆ ಅಲ್ಲೇ ಕೂತು ಅಳಬೇಕು ಅನ್ನಿಸಿತು.

8-10-78
ಹೊಲಕ್ಕೇ ಹೋದೆ. ರಾಗಿ ತೆನೆ ಕಟ್ಟುತ್ತಿದೆ, ನೋಡಲು ಎರಡು ಕಣ್ಣು ಸಾಲದು. ಪುಟ್ಟಬಸಪ್ಪ ಮರದ ಮೇಲಿನ ಅಟ್ಟಣೆಗೆ ಹಗ್ಗ ಬಿಗಿಯುತ್ತಿದ್ದ. ಇರುಳೆಲ್ಲ ಅಲ್ಲೇ ಕಾವಲು. ಪಕ್ಕದ ಹೊಲವನ್ನು ಆನೆ ಆಗಲೇ ತುಳಿದು ಹೋಗಿದೆ.

"ಅದ್ನಾಕು ದಿನ ಒಲ ಬುಟ್ಟು ಓದ್ರೆ, ಇವ್ನು ಊಸಿ ಆಕುಸ್ಕೊಂಡು ಬರ್ಲಿ ಅಂತ ಆನೆ ಕಾಯ್ತದಾ?"

"ನಾನು ಕಾಯ್ತೀನಿ ನಿನ್ನ ಹೊಲ."

ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ನೀವಾ? ಆನೆ ಬಂದ್ರೆ ಪಾಠ ಮಾಡೀರಾ ಮೇಷ್ಟ್ರೆ?"

ನನಗೆ ಎಲ್ಲಿತ್ತೋ ಸಿಟ್ಟು. ದಡ್ಡ ಅಂದೆ. ರಾಗಿ ಇನ್ನೊಂದು ವರ್ಷ ಬೆಳೆಯುತ್ತದೆ, ನೀನು ಬೆಳೀತೀಯೇನಯ್ಯಾ ಅಂದೆ. ಅನ್ನಬಾರದ ಮಾತು. ಅವನಿಗೆ ಬೇಜಾರೂ ಆಗಲಿಲ್ಲ. ಹಗ್ಗ ಬಿಟ್ಟು ಹತ್ತಿರ ಬಂದ.

"ಕುಯ್ಲಾಗ್ಲಿ. ಬಸವಣ್ಣನ ಆಣೆ, ಬತ್ತೀನಿ. ನಿಮ್ಗೋಸ್ಕರ ಅಲ್ಲ. ಮಗ ಊಟುಕ್ಕೆ ಬುಡ್ತಾ ಇಲ್ಲ."

ಕೊಟ್ಟ ಮಾತು ತಪ್ಪುವವನಲ್ಲ. ಆದರೆ ಕುಯ್ಲಿಗೆ ಇನ್ನೂ ಎಷ್ಟು ದಿನ…

29-10-78
ಪುಟ್ಟಬಸಪ್ಪ ತಾಳಮಲೆಯಿಂದ ಯಾವುದೋ ಬೇರು ತರಿಸಿ ಅರೆದು ಕುಡಿದಿದ್ದಾನೆ. ಪಥ್ಯ ಬೇರೆ. ಹುಳಿ ಇಲ್ಲ, ಖಾರ ಇಲ್ಲ. ಮಲ್ಲಿ ಬಂದು ಚಾಡಿ ಹೇಳುವ ಹಾಗೆ ಹೇಳಿದಳು. "ಆ ಬೇರು ನಮ್ ಪುಸ್ತಕ್ದಲ್ಲಿ ಎಲ್ಲೂ ಇಲ್ಲ ಸಾ."

ಪಾಠಪುಸ್ತಕ ಬಂದವು. ವಿಜ್ಞಾನದ್ದು ಮೊದಲಿನಿಂದ ಕೊನೆಯ ತನಕ ತಿರುವಿದೆ. ಹುಚ್ಚುನಾಯಿ ರೋಗದ ಬಗ್ಗೆ ಒಂದಕ್ಷರ ಇಲ್ಲ.

26-11-78
ಕುಯ್ಲು ಮುಗಿಯಿತು! ಪುಟ್ಟಬಸಪ್ಪ ತಾನೇ ನನ್ನ ರೂಮಿಗೆ ಬಂದ. ಕ್ಷೌರ ಮಾಡಿಸಿಕೊಂಡಿದ್ದಾನೆ. "ನಾಳಿಕೆ ಮೊದಲ್ನೇ ಬಸ್ಸಿಗೆ ಓಗಮ ಮೇಷ್ಟ್ರೆ." ಹಿಂದೆ ಮಲ್ಲಿ. ಗೆದ್ದವಳ ಮುಖ. ನನಗೂ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಮಾತಾಡುವಾಗ ಬಲಗೈ ಉಜ್ಜಿಕೊಳ್ಳುತ್ತಲೇ ಇದ್ದ. ಏನದು ಅಂದೆ.

"ಜೋಮು. ಕುಡ್ಲು ಇಡ್ದು ಇಡ್ದು."

ಇರಬಹುದು. ಊರಲ್ಲಿ ಎಲ್ಲರ ಕೈಯೂ ಈಗ ಜೋಮೇ.

27-11-78
ಬೆಳಿಗ್ಗೆ ಬಸ್ ಸ್ಟಾಪು. ಮಂಜು. ಅವನು ಮಡಿ ಪಂಚೆ ಉಟ್ಟು ಬಂದಿದ್ದ. ರಾತ್ರಿಯೆಲ್ಲ ನಿದ್ದೆ ಇಲ್ಲ, ಜ್ವರ ಬಂದಂಗದೆ ಅಂದ. ಬಿಸಿಯಾಗಿ ಏನಾದರೂ ಕುಡಿ ಅಂತ ಟೀ ಕೊಡಿಸಿದೆ.

ಲೋಟ ಬಾಯಿ ಹತ್ತಿರ ತಂದ. ಕತ್ತಿನ ನರ ಎದ್ದು ನಿಂತವು. ಲೋಟ ಎಲ್ಲಿಗೋ ಹಾರಿತು. ಕುತ್ತಿಗೆ ಹಿಡಿದುಕೊಂಡು ಕಲ್ಲುಚಪ್ಪಡಿಯ ಮೇಲೆ ಕುಕ್ಕರಿಸಿದ. ಟೀ ಅಂಗಡಿಯವನು ಓಡಿ ಬಂದು ನೀರು ತೋರಿಸಿದ. ಅದನ್ನು ಕಂಡದ್ದೇ ಮತ್ತೆ ಮೈಯೆಲ್ಲ ಸೆಟೆಯಿತು.

ಸುಧಾರಿಸಿಕೊಂಡು ನನ್ನ ಮುಖ ನೋಡಿದ. "ಗಂಟ್ಲಲ್ಲಿ ಏನೋ ಸಿಕ್ಕಂಡದೆ ಮೇಷ್ಟ್ರೆ" ಅಂದ.

ಹೇಳಿದ ಮೇಲೆ ಅವನಿಗೇ ಗೊತ್ತಾಯಿತು. ನನ್ನ ಕೈ ಹಿಡಿಯಲು ಬಂದವನು ಹಿಡಿಯದೆ ಹಿಂದಕ್ಕೆ ತೆಗೆದುಕೊಂಡ.

28-11-78
ನಿನ್ನೆ ಆಸ್ಪತ್ರೆಗೆ ಸೇರಿಸಿದ್ದೆವು. ಇವತ್ತು ಮನೆಗೆ ತಂದೆವು. ಅದೇ ಡಾಕ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಒಳಕೋಣೆಯಲ್ಲಿ ಮಲಗಿಸಿದ್ದಾರೆ. ಬೆಳಕು ಆಗುವುದಿಲ್ಲ, ಗಾಳಿ ಆಗುವುದಿಲ್ಲ. ನಡುನಡುವೆ ಬುದ್ಧಿ ಸ್ವಚ್ಛ ಇರುತ್ತದೆ, ಅದೇ ನೋಡಲಾಗದ್ದು. ಮಗೀನ ಅತ್ರುಕ್ಕೆ ಬುಡ್ಬೇಡಿ ಅಂತ ಅವನೇ ಕೂಗಿ ಹೇಳಿದ. ಮಲ್ಲಿ ಮುಚ್ಚಿದ ಬಾಗಿಲ ಈಚೆ ಕೂತಿದ್ದಾಳೆ.

ಸಂಜೆ ಒಳಗಿಂದ ದನಿ ಬಂತು. "ಏನಾರ ಓದವ್ವ."

ನೀಲಿ ಪುಸ್ತಕ ಮಡಿಲಲ್ಲೇ ಇತ್ತು. ಅದನ್ನು ಮುಟ್ಟಲಿಲ್ಲ. ಗಿಡಮರದ ಪುಸ್ತಕ ತಂದು, ಬೀಜ ಮೊಳೆಯುವ ಪಾಠ ಓದಿದಳು. ಒಂದಕ್ಷರ ತಡವರಿಸಲಿಲ್ಲ. ಚನ್ನಬಸಮ್ಮ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಿಲಿಗೆ ಹೋದಳು. ನಾನು ಜಗಲಿಯಲ್ಲಿ ಕೂತು ಕೇಳಿದೆ.

29-11-78, ಮಧ್ಯಾಹ್ನ ಮೂರು
ಮಲ್ಲಿ ರೂಮಿಗೆ ಬಂದಿದ್ದಾಳೆ. ಒಬ್ಬಳೇ. ನೀಲಿ ಪುಸ್ತಕ ಮೇಜಿನ ಮೇಲಿಟ್ಟು ಕೇಳಿದಳು.

"ಇದ್ರಲ್ಲಿ ಔಸ್ದಿ ಇಲ್ಲ ಅಂತ ಬರ್ದವ್ರೆ. ಬೇರೆ ಪುಸ್ತಕ್ದಲ್ಲಿ ಬೇರೆ ತರ ಬರ್ದಿರ್ತಾರಾ ಸಾ?"

ಇಲ್ಲ ಅನ್ನಬೇಕಿತ್ತು. ಹೋಗಿ ಟ್ರಂಕು ತೆಗೆದೆ.

ನೆಲದ ಮೇಲೆ ಕೂತು ಒಂದೊಂದೇ ನೋಡುತ್ತಿದ್ದಾಳೆ. ಹಕ್ಕಿಯದು ಆಯಿತು. ಹುಳುವಿನದು ಆಯಿತು. ಮನುಷ್ಯನ ದೇಹ, ಪುಟ ಪುಟವೂ, ಬೆರಳಿಟ್ಟುಕೊಂಡು. ನನ್ನ ಟ್ರೈನಿಂಗಿನ ಇಂಗ್ಲಿಷ್ ಪುಸ್ತಕ ಓದಲು ಬರುವುದಿಲ್ಲ, ಚಿತ್ರ ನೋಡುತ್ತಿದ್ದಾಳೆ. ಗೊತ್ತಿಲ್ಲದಿದ್ದರೆ ಪುಸ್ತಕ ನೋಡಿ ಅಂತ ವರ್ಷವೆಲ್ಲ ಬಾಯಿ ಬಡಿದುಕೊಂಡವನು ನಾನೇ. ಸುಮ್ಮನೆ ನೋಡುತ್ತ ಕೂರಲಾರದೆ ಇದನ್ನು ಬರೆಯುತ್ತಿದ್ದೇನೆ.

ಬೀದಿಯಲ್ಲಿ ಓಡುವ ಸದ್ದು. ಅವಳ ಸೋದರಮಾವ. ಚಪ್ಪಲಿಯೂ ಇಲ್ಲ. ಹೊಸ್ತಿಲ ಆಚೆಯೇ ನಿಂತ. "ಮಲ್ಲೀ… ಬಾ ಮಗ. ನಿಮ್ಮಪ್ಪ… ಬಿರ್ನೆ ಬಾ."

ಮಲ್ಲಿ ತಲೆ ಎತ್ತಲಿಲ್ಲ. ಟ್ರಂಕಿನ ತಳಕ್ಕೆ ಕೈ ಹಾಕಿದಳು.

"ವಸಿ ತಡಿ ಮಾವ. ಇನ್ನೊಂದು ಪುಸ್ತಕ ಅದೆ."

ಅದು ವ್ಯಾಕರಣ. ಹೇಳಬೇಕು. ಎದ್ದು ಹೋಗಿ…